ನೇರಳೆಯಾಗಿ ಉಳಿಯದ ಉಪ್ಪು

ದೊಡ್ಡಳಿಯ, ಚಿಕ್ಕಳಿಯ ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿದ್ದರು. ಷಡ್ಡಕರು ಒಂದೇ ಸೂರಿನಡಿ ದುಡಿಯುವುದೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ಟ ಹಾಗೆ. ದೊಡ್ಡಳಿಯ ವಿಭಾಗದ ಮುಖ್ಯಸ್ಥ, ಬಾಯಿ ತೆರೆದರೆ ಭಾಷಣ. ಚಿಕ್ಕಳಿಯ ಗಾಜಿನ ಪೆಟ್ಟಿಗೆಯೊಳಗೆ ಉದ್ದನೆಯ ರಬ್ಬರ್ ಗವಸಿನ ಕೈ ತೂರಿಸಿ ಯುರೇನಿಯಂ ಕ್ಲೋರೈಡ್ ತಯಾರಿಸುವವನು.

ಆ ಹಸಿರು ಉಪ್ಪು ಮಹಾ ಹಟಮಾರಿ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ಉಪ್ಪೇ ನೀರು ಕುಡಿಯುತ್ತಿತ್ತು. ಗಾಳಿಯ ತೇವ ಚೂರು ತಾಕಿದರೂ ಪಸೆಯೊಡೆದು ಕೆಡುತ್ತಿತ್ತು. ಚಿಕ್ಕಳಿಯ ತಿಂಗಳುಗಟ್ಟಲೆ ಹೆಣಗಿ ಅದನ್ನು ತೇವ ತಾಗದಂತೆ ಉಳಿಸಿಕೊಂಡ. ಮಾವನ ಮನೆಯ ಊಟದಲ್ಲಿ ದೊಡ್ಡಳಿಯ “ನಮ್ಮ ಉಪ್ಪು” ಎಂದು ಶುರುಮಾಡಿ, ಕೈ ತೊಳೆಯುವಷ್ಟರಲ್ಲಿ ಅದನ್ನು “ನನ್ನ ಉಪ್ಪು” ಮಾಡಿಬಿಟ್ಟ. ಮಾವ ಅವನ ಬೆನ್ನು ತಟ್ಟಿದರು.

ಅಷ್ಟರಲ್ಲಿ ನೌಕರರ ಮನೆಯವರು ಪ್ರಯೋಗಾಲಯ ನೋಡಲು ಬರುವ ದಿನ ಬಂತು. ದೊಡ್ಡಳಿಯ ಹುಕುಂ ಹೊರಡಿಸಿದ: “ಉಪ್ಪನ್ನ ಆಮ್ಲದಲ್ಲಿ ಕರಗಿಸಿ, ಸತುವಿನ ಕೊಳವೇಲಿ ಹಾಯ್ಸಿ ನೇರಳೆ ಮಾಡಿಡು. ಮಾತಾಡೋದು ನಾನು ನೋಡ್ಕೋತೀನಿ.”

ಸತುವಿನ ಚೂರುಗಳ ನಡುವೆ ಇಳಿದು ಬಂದರೆ ಹಸಿರು ದ್ರವ ನೇರಳೆಯಾಗುತ್ತದೆ. ಆದರೆ ಗಾಳಿ ತಗುಲಿದರೆ ಮತ್ತೆ ಹಸಿರಿಗೇ ತಿರುಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ಚಿಕ್ಕಳಿಯ ನೇರಳೆ ಮಾಡಿ, ಹೊಗೆ ಹೀರುವ ಕಪಾಟಿನ ಗಾಜಿನ ಹಿಂದೆ ಸೀಸೆ ಇಟ್ಟ. ಅದರ ಬಾಯಿಗೆ ಬಿಗಿ ಬಿರಡೆ ಹಾಕುವ ಬದಲು, ಮುಖದಲ್ಲಿ ಮುಗ್ಧತೆ ತಂದುಕೊಂಡು, ಹತ್ತಿಯ ಉಂಡೆ ತುರುಕಿದ.

ಮಾವ, ಅತ್ತೆ, ಇಬ್ಬರ ಹೆಂಡಿರಾದ ಅಕ್ಕತಂಗಿಯರು ಮುಂದಿನ ಸಾಲಿನಲ್ಲೇ ನಿಂತರು. ದೊಡ್ಡಳಿಯ ಸೀಸೆಗೆ ಬೆನ್ನು ಮಾಡಿ ಯುರೇನಿಯಂನ ವಂಶಾವಳಿಯಿಂದಲೇ ಆರಂಭಿಸಿದ. ಮಾತು ಸಾಗುತ್ತಿದ್ದಂತೆ ಸೀಸೆಯ ಮೇಲ್ಭಾಗದಲ್ಲಿ ಹಸಿರು ಅಂಚೊಂದು ಮೂಡಿ ಮೆಲ್ಲಗೆ ಕೆಳಗಿಳಿಯತೊಡಗಿತು.

“ಅಳಿಯಂದ್ರೇ, ನಿಮ್ಮ ನೇರಳೆ ಹಸಿರಾಗ್ತಿದೆಯಲ್ಲ?” ಎಂದರು ಮಾವ.

“ಅದು ಬೆಳಕಿನ ಆಟ ಮಾವ,” ಎಂದು ದೊಡ್ಡಳಿಯ ತಿರುಗಿಯೂ ನೋಡಲಿಲ್ಲ. “ಈ ನೇರಳೆಯೇ ನನ್ನ ಸಾಧನೆ!”

ಎಲ್ಲರೂ ಗೊಳ್ಳೆಂದರು. ಆಗ ತಿರುಗಿದ. ಸೀಸೆ ತಳದವರೆಗೂ ಹಸಿರಾಗಿತ್ತು. ಅವನ ಮುಖಕ್ಕೂ ಅದೇ ಬಣ್ಣ ಬಂತು. ಚಿಕ್ಕಳಿಯ ಕೆನ್ನೆಯ ಒಳಭಾಗ ಕಚ್ಚಿಕೊಂಡು ಚಾವಣಿ ನೋಡಿದ.

ಆದರೆ ಮಾತಿನ ಮಲ್ಲ ಸೋಲುವವನೇ? ಗಂಟಲು ಸರಿಮಾಡಿಕೊಂಡು, “ನೋಡಿದ್ರಾ! ಇದನ್ನೇ ತೋರಿಸೋಣ ಅಂತಿದ್ದೆ! ಸತು ಕೊಟ್ಟ ಎಲೆಕ್ಟ್ರಾನನ್ನ ಗಾಳಿ ಕಿತ್ಕೊಂಡುಬಿಡ್ತು,” ಎಂದ. ಚಪ್ಪಾಳೆಯೋ ಚಪ್ಪಾಳೆ.

“ಅಂದ್ರೆ ಕೊಟ್ಟೋನು ಒಬ್ಬ, ಹೊಡ್ಕೊಂಡೋನು ಇನ್ನೊಬ್ಬ,” ಎಂದರು ಅತ್ತೆ. ದೊಡ್ಡ ಮಗಳು ಗಂಡನ ಕಡೆ ಓರೆಗಣ್ಣಲ್ಲಿ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಸುದ್ದಿ ಹಬ್ಬಿತು. ಬಂದ ತಂಡಗಳಿಗೆಲ್ಲ ಬಣ್ಣ ಬದಲಾಗುವುದನ್ನೇ ನೋಡಬೇಕಿತ್ತು. ಪ್ರತಿ ಸಲವೂ ಹಸಿರನ್ನು ಸತುವಿನ ಕೊಳವೆಗೆ ಸುರಿದು, ಹನಿಹನಿಯಾಗಿ ಇಳಿಸಿ ಮತ್ತೆ ನೇರಳೆ ಮಾಡುವ ಕೆಲಸ ಚಿಕ್ಕಳಿಯನದು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ಕಪಾಟಿನ ಮುಂದೆ ನಿಂತೂ ನಿಂತೂ ಅವನ ಸೊಂಟ ಹಿಡಿಯಿತು. ಅತ್ತ ದೊಡ್ಡಳಿಯನ ಗಂಟಲು ಕಟ್ಟಿತು.

ಜನರಿಲ್ಲದ ಹೊತ್ತು ನೋಡಿ ದೊಡ್ಡಳಿಯ ಪಿಸುಗುಟ್ಟಿದ: “ಹತ್ತಿ ತುರುಕಿದ್ದು ಬೇಕಂತಲೇ ತಾನೇ?”

“ಹೌದು.”

“ಪಾಪಿ! ನನ್ನ ಜೀವ ಬಾಯಿಗೆ ಬಂದಿತ್ತು.” ದೊಡ್ಡಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಗವಸು ತೊಡುತ್ತ, “ನನಗೆ ಧ್ವನಿ ಇಲ್ಲ. ಇನ್ನು ಮಾತು ನಿಂದು. ಸತು ನಾನು ನೋಡ್ಕೋತೀನಿ,” ಎಂದ.

ಬಾಗಿಲಲ್ಲಿ ಮುಂದಿನ ತಂಡ ಬಂದು ನಿಂತಿತ್ತು. ಚಿಕ್ಕಳಿಯ ಬೆವರೊರೆಸಿಕೊಂಡು ಅವರೆದುರು ನಿಂತು, “ಈ ಉಪ್ಪು ಮಾಡಿದ್ದು ನಾನು,” ಎಂದು ಶುರುಮಾಡಿದ. ಹಿಂದಿನಿಂದ ಯಾರೂ ತಿದ್ದಲಿಲ್ಲ.