ಸುಮನಾಳ ಕೊನೇ ಚೀಟಿ

ಜೈಲಿಗೆ ಹೋದವರು ಸಾಲ ಮರೆಯುತ್ತಾರೆ ಅಂತ ಯಾರಾದರೂ ಅಂದರೆ, ಅವರು ಕುಣಿಗಲ್ಲಿನ ಶಕುಂತಲಮ್ಮನನ್ನು ಕಂಡಿಲ್ಲ ಅಂತಲೇ ಅರ್ಥ. ತೋಟದ ದಾರಿಯ ಜಗಳದಲ್ಲಿ ಮೈದುನನ ಕೈಗೆ ಮಚ್ಚು ಬೀಸಿ, ಎರಡು ವರ್ಷ ಶಿಕ್ಷೆಯಾಗಿ ತುಮಕೂರಿನ ಜೈಲು ಸೇರಿದಾಗ, ಆಕೆ ನಡೆಸುತ್ತಿದ್ದ ಹನ್ನೆರಡು ಜನರ ಚೀಟಿಯಲ್ಲಿ ಒಂದೇ ತಿಂಗಳು ಬಾಕಿಯಿತ್ತು. ಆ ಕೊನೇ ಚೀಟಿ, ಅರವತ್ತು ಸಾವಿರ, ವಾರಗಿತ್ತಿ ಸುಮನಾಳದು. ಗಾಯಗೊಂಡ ಮೈದುನನ ಹೆಂಡತಿ. ಕೋರ್ಟಿನಲ್ಲಿ ಸಾಕ್ಷಿ ಹೇಳಿದವಳೂ ಅವಳೇ.

"ಕೊಡ್ಲೇಬೇಡ ಬುಡಮ್ಮ," ಎಂದಿದ್ದಳು ಮಗಳು ಮಾನಸಾ, ಅದೇ ಊರಿನ ಬಟವಾಡಿ ಬಡಾವಣೆಯಿಂದ ಜೈಲಿಗೆ ನೋಡಲು ಬಂದಾಗ. ಶಕುಂತಲಮ್ಮ ಸಿಡುಕಿದಳು. ಜಗಳ ಬೇರೆ, ಚೀಟಿ ಬೇರೆ. ಚೀಟಿ ಮುಳುಗಿಸಿದವಳು ಅನ್ನಿಸಿಕೊಂಡರೆ ಹೊರಗೆ ಬಂದಮೇಲೂ ತಲೆ ಎತ್ತುವ ಹಾಗಿಲ್ಲ. ಆಕೆ ಒಳಗಾದದ್ದೇ ತಡ, ಇಬ್ಬರು ಕೊನೇ ಕಂತಿನ ಐದೈದು ಸಾವಿರ ಕಟ್ಟದೆ ಜಾರಿಕೊಂಡಿದ್ದರು. ಆ ಹತ್ತು ಸಾವಿರಕ್ಕೆ ಜೈಲಿನ ಹೊಲಿಗೆಯ ಕೂಲಿ ಕೂಡಿಟ್ಟು, ಮಗಳ ಕೈಗೆ ಕೊಡಿಸಿ ಎಂದು ಅರ್ಜಿ ಹಾಕಿದಳು. ಐದು ತಿಂಗಳಿಗೆ ಗಂಟು ಪೂರ್ತಿಯಾಯಿತು.

ಆದರೆ ಸುಮನಾ ಹಣ ಮುಟ್ಟಲಿಲ್ಲ. ಮಾನಸಾ ಎರಡು ಸಲ ಮನೆಗೇ ಹೋದಳು. ಒಮ್ಮೆ ಕಾಫಿ ಕೊಟ್ಟು ಕಳಿಸಿದಳಂತೆ, ಇನ್ನೊಮ್ಮೆ ಹಲಸಿನ ತೊಳೆ. ದುಡ್ಡಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾಳಂತೆ.

ಶಕುಂತಲಮ್ಮನ ತಲೆಗೆ ಹುಳ ಬಿಟ್ಟಂತಾಯಿತು. ಹೊಲಿಗೆ ಮಿಷನ್ ತುಳಿಯುವಾಗಲೂ ಅದೇ ಯೋಚನೆ. ಬಡ್ಡಿ ಕೇಳುತ್ತಾಳೋ? ಇನ್ನೊಂದು ಕೇಸು ಹಾಕಲು ಕಾಯುತ್ತಿದ್ದಾಳೋ? ಊರಲ್ಲಿ ಮಾನ ಕಳೆಯುವ ಹಂಚಿಕೆಯೋ? ಕಡೆಗೆ, ಜೈಲಿಗೆ ಬಂದು ವರ್ಷ ತುಂಬುವ ಹೊತ್ತಿಗೆ, ತಡೆಯಲಾರದೆ, ಒಂದು ಸಲ ಬಂದು ಹೋಗು ಎಂದು ಹೇಳಿಕಳಿಸಿದಳು.

ಸುಮನಾ ಬಂದೇ ಬಂದಳು. ಜಾಲರಿಯ ಆಚೆ ಸೆರಗು ಹೊದ್ದು ನಿಂತಳು. ದುಡ್ಡು ಯಾಕೆ ಈಸಿಕೊಳ್ಳುವುದಿಲ್ಲ, ನಿನ್ನ ಮನಸ್ಸಲ್ಲಿ ಏನಿದೆ ಎಂದು ಶಕುಂತಲಮ್ಮ ನೇರವಾಗಿ ಕೇಳಿದಳು.

"ಚೀಟಿ ದುಡ್ಡನ್ನ ಯಾವತ್ತಾದ್ರೂ ಬೇರೆಯೋರ ಕೈಲಿ ಕೊಡ್ಸಿದ್ದೀರಾ ಅಕ್ಕ?"

ಕೊಡಿಸಿರಲಿಲ್ಲ. ಚೀಟಿ ಎತ್ತಿದವರನ್ನು ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಕುಂಕುಮವಿಟ್ಟು, ಎಲೆಅಡಿಕೆಯ ಜೊತೆ ಕೈಯಾರೆ ಕೊಡುವುದು ಆಕೆಯ ಪದ್ಧತಿ. ಹನ್ನೊಂದು ಜನ ಹಾಗೇ ಪಡೆದಿದ್ದರು.

"ಕಂಡಿದ್ದನ್ನ ಕೋರ್ಟಲ್ಲಿ ಹೇಳ್ದೆ, ಸುಳ್ಳು ಹೇಳಕ್ಕಾಗ್ಲಿಲ್ಲ," ಎಂದಳು ಸುಮನಾ. "ತವರು ಅಂತ ನಂಗಿದ್ದಿದ್ದು ನಿಮ್ಮನೇನೇ. ದುಡ್ಡು ಈಗ್ಲೇ ಈಸ್ಕೊಂಡ್ಬುಟ್ರೆ, ಆಮೇಲೆ ನಿಮ್ಮ ಬಾಗ್ಲಿಗೆ ಏನಂತ ಬರ್ಲಿ?"

ಶಕುಂತಲಮ್ಮ ಕೊಡಬೇಕಾದ್ದನ್ನು ಒಂದು ದಿನವೂ ಹೆಚ್ಚಿಗೆ ಇಟ್ಟುಕೊಂಡು ಬಾಳಿದವಳಲ್ಲ.

"ಹಂಗಾದ್ರೆ ಇನ್ನೊಂದು ವರ್ಷ ಈ ಸಾಲ ತೀರ್ಸಲ್ಲ ಕಣೇ," ಎಂದಳು. "ಬಂದ್ಮೇಲೆ ಕರೀತೀನಿ."