ಕುತ್ತಿಗೆ: ಸಹಜ

“ಕುತ್ತಿಗೆ ಸಹಜವಾಗಿದೆ ಅಂತ ಪ್ರತಿ ಸಲಾನೂ ನೀವೇ ಬರ್ದಿದ್ದೀರಂತಲ್ಲ, ಡಾಕ್ಟ್ರೇ?”

ಮೈಕಕ್ಕ ಜಗಳ ತೆಗೆಯುವ ದನಿಯಲ್ಲೇನೂ ಕೇಳಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದಳು, ಅಷ್ಟೆ. ಆದರೂ ಡಾಕ್ಟರು ಕಂಪ್ಯೂಟರಿನ ಪರದೆಯಿಂದ ಕಣ್ಣು ಕಿತ್ತು ಆಕೆಯತ್ತ ತಿರುಗಿದರು. ಆಕೆ ಶಾಲು ಸರಿಸಿದಳು. ಗಂಟಲಿನ ಬಲಕ್ಕೆ ನಿಂಬೆಹಣ್ಣಿನಷ್ಟು ಗಂಟು. ಉಗುಳು ನುಂಗಿದಾಗ ಅದು ಮೇಲೇರಿ ಇಳಿಯಿತು.

“ಯಾವಾಗಿಂದ ಇದೆ ಅಕ್ಕಾ ಇದು?”

“ನಾನು ಇಲ್ಲಿ ಕೆಲಸ ಬಿಟ್ಟಾಗಿಂದ. ವರ್ಷಗಳೇ ಆದ್ವು. ಒಂದ್ಸಲ ನಿಮ್ಗೂ ಹೇಳ್ದೆ. ನೀವು ಟೈಪ್ ಮಾಡ್ತಾ ‘ಹೂಂ’ ಅಂದ್ರಿ. ಡಾಕ್ಟ್ರೇ ಹೂಂ ಅಂದ್ಮೇಲೆ ಹೆದರೋದೇನಿದೆ ಅಂತ ಸುಮ್ನಾದೆ.”

ಆ ‘ಹೂಂ’ ಡಾಕ್ಟರಿಗೆ ನೆನಪಿಲ್ಲ. ದಿನವಿಡೀ ಎಷ್ಟು ಹೂಂಗಳು, ಯಾರು ಲೆಕ್ಕ ಇಟ್ಟಾರು?

ಎಲ್ಲ ಆಸ್ಪತ್ರೆಗಳ ದಾಖಲೆಗಳೂ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಕೂಡಿಕೊಂಡಿರಬೇಕು ಎಂಬ ನಿಯಮ ಬಂದಾಗ ಮೊದಲು ಖುಷಿಪಟ್ಟವರು ಇವರೇ. ಕಳೆದುಹೋಗುವ ಚೀಟಿಗಳ ಕಾಟ ತಪ್ಪಿತಲ್ಲ ಎಂದಿದ್ದರು. ಆಮೇಲೆ ಗೊತ್ತಾಯಿತು, ಕಣ್ಣಿನಿಂದ ಕಾಲ್ಬೆರಳಿನವರೆಗೆ ಪ್ರತಿ ಅಂಗದ ಚೌಕವನ್ನೂ ತುಂಬದೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಮುಂದಕ್ಕೆ ಹೋಗದಿದ್ದರೆ ಔಷಧಿಯೂ ಸಿಗುವುದಿಲ್ಲ. ಹೊರಗೆ ಸಾಲು ಬೆಳೆಯುತ್ತದೆ, ಒಳಗೆ ಆಡಳಿತಾಧಿಕಾರಿ ಫೋನಿನ ಮೇಲೆ ಫೋನು ಮಾಡುತ್ತಾನೆ. ಪುಣ್ಯಾತ್ಮ ಯಾರೋ ‘ಹಿಂದಿನಂತೆಯೇ’ ಎಂಬ ಗುಂಡಿಯನ್ನೂ ಅದರಲ್ಲಿ ಇಟ್ಟಿದ್ದ. ಅದನ್ನು ಒತ್ತಿದರೆ ಕಳೆದ ಸಲ ಬರೆದದ್ದೆಲ್ಲ ಈ ಸಲದ್ದಾಗಿ ಬಂದು ಕೂರುತ್ತದೆ. ಎಲ್ಲರೂ ಒತ್ತುತ್ತಿದ್ದರು. ಇವರೂ ಒತ್ತಿದರು. ರಕ್ತದೊತ್ತಡದ ಅಂಕಿಯೊಂದನ್ನು ಬದಲಿಸಿದರೆ ಮೈಕಕ್ಕನ ತಪಾಸಣೆ ಮುಗಿಯಿತು.

ಹಾಗೆ ನೋಡಿದರೆ ಈಕೆಯೂ ಈ ಆಸ್ಪತ್ರೆಯವಳೇ. ವಿಚಾರಣೆಯ ಕಿಟಕಿಯ ಹಿಂದೆ ಮೈಕು ಹಿಡಿದು ರೋಗಿಗಳ ಹೆಸರು ಕೂಗುತ್ತಿದ್ದವಳು, ಅದಕ್ಕೇ ಎಲ್ಲರಿಗೂ ಮೈಕಕ್ಕ. ಆಕೆ ಕೂಗಿದರೆ ಊಟಕ್ಕೆ ಕರೆದ ಹಾಗಿರುತ್ತಿತ್ತು. ಹೆದರಿ ಮುದುಡಿ ಕೂತವರೂ ಎದ್ದು ಬರುತ್ತಿದ್ದರು. ಡಾಕ್ಟರು ತಡವಾಗಿ ಬಂದ ದಿನ, “ನಮ್ಮ ಡಾಕ್ಟರಿಗೆ ಈಗಷ್ಟೇ ಬೆಳಗಾಗಿದೆ” ಎಂದು ಮೈಕಿನಲ್ಲೇ ಮಾನ ಕಳೆಯುತ್ತಿದ್ದಳು. ಸರದಿ ತೋರಿಸುವ ಕೆಂಪು ಅಂಕಿಗಳ ಫಲಕ ಬಂದ ಮೇಲೆ ಕಿಟಕಿಯನ್ನೂ ಮುಚ್ಚಿದರು, ಆಕೆಯನ್ನೂ ಮನೆಗೆ ಕಳಿಸಿದರು.

“ದೊಡ್ಡ ಆಸ್ಪತ್ರೇಲಿ ಸೂಜಿ ಚುಚ್ಚಿ ನೋಡಿದ್ರು. ಏನೂ ಖಚಿತವಾಗಿಲ್ವಂತೆ,” ಎಂದಳು. “ಹಳೇ ಗಂಟಾದ್ರೆ ಒಂದು ಭಾಗ ತೆಗೆದ್ರೆ ಸಾಕಂತೆ. ಇದ್ದಕ್ಕಿದ್ದಂಗೆ ಬೆಳೆದಿದ್ರೆ ಸುತ್ತಮುತ್ತ ಎಲ್ಲಾ ತೆಗೀಬೇಕು, ದನಿ ಹೋದ್ರೂ ಹೋಗಬಹುದು ಅಂದ್ರು. ಹಳೇದೇ ಸ್ವಾಮಿ ಅಂತ ಬಾಯಿ ಬಡ್ಕೊಂಡೆ. ‘ಹೋದ ತಿಂಗಳವರೆಗೂ ಏನೂ ಇರ್ಲಿಲ್ಲಮ್ಮ, ಇಲ್ನೋಡಿ’ ಅಂತ ನೀವು ಬರ್ದಿದ್ದನ್ನೇ ತೋರಿಸಿದ್ರು. ನಮ್ಮನೆಯವರಿಗೆ ಕಣ್ಣು ಕಾಣಲ್ಲ ಅನ್ನೋದು ನಿಮ್ಗೆ ಗೊತ್ತಲ್ಲ. ಪೇಪರ್ ಓದಿ ಹೇಳೋದ್ರಿಂದ ಹಿಡಿದು ಎಲ್ಲಕ್ಕೂ ನನ್ನ ಬಾಯೇ ಬೇಕು. ನೀವೊಂದು ಮಾತು ಹೇಳಿದ್ರೆ ಆ ಆಸ್ಪತ್ರೆಯೋರು ಕೇಳ್ತಾರೆ.”

ಡಾಕ್ಟರು ಗಂಟನ್ನು ಮುಟ್ಟಿ ನೋಡಿದರು. ಬೆರಳಿಗೆ ನುಣ್ಣಗೆ ಸಿಕ್ಕಿತು, ಅತ್ತಿತ್ತ ಜಾರಿತು. ಹಳೆಯದೇ ಇರಬೇಕು. ಒಂದು ಕಾಲದಲ್ಲಿ ಈ ಬೆರಳುಗಳನ್ನು ನಂಬಿ ದೂರದಿಂದ ಜನ ಬರುತ್ತಿದ್ದರು.

“ನಾನು ಬರೆದು ತಿಳಿಸ್ತೀನಿ. ನೀವು ಧೈರ್ಯವಾಗಿರಿ,” ಎಂದರು.

ಆಕೆ ಹೋದ ಮೇಲೆ ತಿದ್ದುಪಡಿಯ ಪುಟ ತೆರೆದರು. ಹಳೆಯದನ್ನು ತಿದ್ದಲು ಕಾರಣ ಕೊಡಬೇಕು. ಕಾರಣಗಳನ್ನು ಅದೇ ಕೊಟ್ಟಿತ್ತು. ಬೆರಳಚ್ಚಿನ ದೋಷ. ಬೇರೆ ರೋಗಿಯ ವಿವರ. ತಡವಾಗಿ ತಿಳಿದ ಮಾಹಿತಿ. ನೋಡದೆಯೇ ಬರೆದೆ ಎನ್ನಲು ಅಲ್ಲಿ ಜಾಗವಿರಲಿಲ್ಲ. ಆದರೆ ಮೇಜಿನ ಮೇಲೆ ಫೋನಿತ್ತು, ಶಸ್ತ್ರವೈದ್ಯರ ನಂಬರೂ ಇತ್ತು. ‘ನಾನು ಕುತ್ತಿಗೆ ಮುಟ್ಟಿಯೇ ಇಲ್ಲ, ಆಕೆ ಹೇಳಿದ್ದೇ ನಿಜ’ ಎನ್ನಲು ಒಂದು ಉಸಿರು ಸಾಕಾಗಿತ್ತು. ಆದರೆ ಹಾಗೆಂದುಬಿಟ್ಟರೆ ವಿಚಾರಣೆ ಸಮಿತಿ ಸುಮ್ಮನಿದ್ದೀತೆ? ಇವರ ಹೆಸರಿನಲ್ಲಿರುವ ಒಂದೊಂದು ‘ಸಹಜ’ವನ್ನೂ ಕೆದಕುತ್ತದೆ. ಕೆಲಸಕ್ಕೇ ಸಂಚಕಾರ. ಫೋನು ಎತ್ತಿದರು, ಇಟ್ಟರು. ‘ತಡವಾಗಿ ತಿಳಿದ ಮಾಹಿತಿ’ಯನ್ನು ಆರಿಸಿ, ಗಂಟು ಹಲವು ವರ್ಷಗಳಿಂದ ಇದೆಯೆಂದು ರೋಗಿ ಹೇಳುತ್ತಾರೆ ಎಂದು ಬರೆದರು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮುಂದಿನ ರೋಗಿ ಒಳಗೆ ಬಂದ.

ಆಕೆ ಹೇಳಿದ್ದನ್ನೇ ನಂಬದವರು, ‘ರೋಗಿ ಹೇಳುತ್ತಾರೆ’ ಎಂದು ಬರೆದದ್ದನ್ನು ನಂಬುತ್ತಾರೆಯೇ? ಇದು ಡಾಕ್ಟರಿಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಬರೆದರು.

ಶಸ್ತ್ರಚಿಕಿತ್ಸೆ ಆಯಿತು. ಎಲ್ಲವನ್ನೂ ತೆಗೆದರು. ತೆಗೆದದ್ದನ್ನು ಪರೀಕ್ಷಿಸಿದಾಗ ಅದು ಏನೂ ಮಾಡದೆ ಬಿದ್ದಿದ್ದ ಹಳೆಯ ಗಂಟೇ ಎಂದು ವರದಿ ಬಂತು. ಅದೂ ಇವರ ಪರದೆಯ ಮೇಲೇ ಬಂತು. ಆ ದಿನ ಡಾಕ್ಟರು ಅರ್ಧ ಊಟಕ್ಕೇ ಎದ್ದರು. “ಏನಾಯ್ತು?” ಎಂದು ಕೇಳಿದ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದರು.

ಗಾಯ ಮಾಗಿದ ಮೇಲೆ ಮೈಕಕ್ಕ ರಕ್ತದೊತ್ತಡ ತೋರಿಸಲು ಬಂದಳು. ಡಾಕ್ಟರು ಏನು ಕೇಳುವುದೆಂದು ತಿಳಿಯದೆ, “ಯಜಮಾನ್ರು ಹೇಗಿದ್ದಾರೆ?” ಎಂದರು. ಆಕೆಯ ತುಟಿಗಳು ಅಲ್ಲಾಡಿದವು. ಬರೀ ಗಾಳಿ. ಡಾಕ್ಟರು ಕುರ್ಚಿ ಬಿಟ್ಟು ಎದ್ದು ಬಂದು, ಬಗ್ಗಿ, ಕಿವಿಯನ್ನು ಆಕೆಯ ಬಾಯಿಯ ಹತ್ತಿರ ತಂದರು.

“ಈಗ ನಾನು ಕೂಗಿದ್ರೆ ಕೇಳಿಸಲ್ಲ ಅವರಿಗೆ. ಲೋಟ ತಟ್ತೀನಿ. ತಟ್ಟಿದ್ರೆ ಬರ್ತಾರೆ.” ಆಕೆ ಉಸಿರು ಎಳೆದುಕೊಂಡಳು. “ನೀವ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀರಿ? ನೀವು ಬರ್ದಿದ್ರಲ್ಲ. ಅವ್ರೇ ನಂಬ್ಲಿಲ್ಲ.”

ಡಾಕ್ಟರಿಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಆದರೆ ತಲೆ ಎತ್ತಲಾಗಲಿಲ್ಲ. ಬಗ್ಗಿದವರು ಬಗ್ಗಿಯೇ ಇದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡ ಮೈಕಕ್ಕ ಅವರ ಕಿವಿಗೆ ಅಂಗೈ ಮರೆಮಾಡಿ, ಮತ್ತೆ ಮೊದಲಿನಿಂದ ಹೇಳತೊಡಗಿದಳು.