ಯಾರದೋ ಕೂಸಿನ ರಕ್ತ

ದಿಂಬಿನಡಿ ಏನೋ ಒತ್ತುತ್ತಿದೆ, ಗುಂಡಗೆ, ಗಟ್ಟಿಯಾಗಿ — ಬಟ್ಟೆಯ ಗಂಟು, ಅಮ್ಮ ಹಾಕುವ ಗಂಟೇ, ನಮ್ಮೂರು ಹೂಚಿತಾನ್‌ನ ಸಂತೆಯಲ್ಲಿ ಒಣಸಿಗಡಿ ಕಟ್ಟಿಕೊಡುವಾಗ ನಾನೂ ಹೀಗೇ ಹಾಕುತ್ತೇನೆ, ಆದರೆ ಒಳಗೆ ಸಿಗಡಿಯಲ್ಲ, ಮಣ್ಣು, ನಮ್ಮ ಅಂಗಳದ ಮಣ್ಣು, ನಾನು ಹುಟ್ಟಿದ ದಿನ ನನ್ನ ಹೊಕ್ಕುಳಬಳ್ಳಿಯನ್ನು ಮಡಕೆಯಲ್ಲಿಟ್ಟು ಹೂತ ಜಾಗದ್ದು, ಹನ್ನೆರಡು ತಾಸು ಬಸ್ಸಿನಲ್ಲಿ ಮೆಕ್ಸಿಕೋ ನಗರಕ್ಕೆ ಹೊತ್ತು ತಂದಿದ್ದಾಳೆ. ಅಯ್ಯೋ ಅಮ್ಮಾ. ನಿನ್ನೆ ಈ ಆಸ್ಪತ್ರೆ ಕೋಣೆಗೆ ಬಂದಾಗ ಮುಖಕ್ಕೆ ಮಾಸ್ಕು, ಕೈಗೆ ಗವಸು, ಸಾಧು ಮುಖ, ಕಸೂತಿ ರವಿಕೆಯೊಳಗೆ ಇದು. ಬೇರೆಯವರ ಕೂಸಿನ ಹೊಕ್ಕುಳಬಳ್ಳಿ ರಕ್ತ ಹಾಕಿಸ್ಕೊಂಡ್ರೆ ಮನೆ ದಾರೀನೇ ಮರೀತೀಯ ಕಣೇ ಓತಿಲಿಯಾ, ಆ ಕೂಸಿನ ಬಳ್ಳಿ ಯಾವ ಅಂಗಳದಲ್ಲೂ ಇಲ್ಲ, ಅಂದಿದ್ದಳು. ಮರೆತ್ರೆ ಕೇಳ್ಕೊಂಡು ಬರ್ತೀನಿ ಬಿಡಮ್ಮ, ಬಾಯಿಲ್ವಾ ನಂಗೆ. ಡಾಕ್ಟರ್ ಅರಿಯಾಗಾ ಮುಚ್ಚುಮರೆ ಮಾಡಿರಲಿಲ್ಲ, ಔಷಧಿ ನಿನ್ನ ಮೂಳೆ ಮಜ್ಜೇಲಿರೋ ಕ್ಯಾನ್ಸರ್ ಜತೆ ಒಳ್ಳೇದನ್ನೂ ಸುಡುತ್ತೆ, ಕೂಸಿನ ರಕ್ತ ಬೇರೂರೋಕೆ ಮೂರ್ನಾಲ್ಕು ವಾರ, ಕೆಲವರಿಗೆ ಊರೋದೇ ಇಲ್ಲ, ದೊಡ್ಡವರ ಮಜ್ಜೆಯಷ್ಟು ನಿನ್ನ ಮೈ ಜತೆ ಜಗಳ ಆಡಲ್ಲ ಅನ್ನೋದೊಂದು ಒಳ್ಳೇದು, ಆದ್ರೆ ಅಲ್ಲೀವರೆಗೆ ರೋಗ ತಡೆಯೋ ಶಕ್ತಿನೇ ಇರಲ್ಲ, ಒಂದು ಹೂವು, ಒಂದು ಚಿಟಿಕೆ ಮಣ್ಣು, ಅದರ ಬೂಷ್ಟೇ ಸಾಕು ನಿನ್ನ ಕೊಲ್ಲೋಕೆ. ಅಪಾಯ ಇಲ್ವಾ ಅಂತ ಕೇಳ್ಬೇಡ, ಯಾವ ಅಪಾಯ ಬೇಕು ಅಂತ ಕೇಳು. ಇದೇ ಬೇಕು ಅಂದೆ, ಸಹಿ ಹಾಕಿದೆ. ನಲವತ್ತಮೂರು ವರ್ಷ ಸಂತೆಯಲ್ಲಿ ಯಾರಿಗೂ ಹೆದರಿದವಳಲ್ಲ, ಈ ರೋಗಕ್ಕೂ ಹೆದರುವುದಿಲ್ಲ — ಸುಳ್ಳು, ಹೆದರುತ್ತೇನೆ, ಆದರೆ ಜಾಗ ಬಿಡುವುದಿಲ್ಲ.

ಕರೆಗಂಟೆ ಒತ್ತುತ್ತೇನೆ, ಗಂಟು ನೋಡಿ ನರ್ಸ್ ಮಾರಿಸೆಲಾಳ ಕಣ್ಣು ಅಗಲವಾಗುತ್ತದೆ, ಯಾರು ತಂದಿದ್ದು ಇದನ್ನ, ನಿಮ್ಮಮ್ಮನ್ನ ಇನ್ನು ಒಳಗೆ ಬಿಡಲ್ಲ ನೋಡಿ. ಬಿಡಬೇಡ ಅಂದೆ, ಅಂದೇಬಿಟ್ಟೆ, ಹೆತ್ತವಳನ್ನು. ಹಾಸಿಗೆ ಬದಲಾಯಿತು, ಕೈ ಉಜ್ಜಿ ಉಜ್ಜಿ ತೊಳೆದರು, ಗಾಜಿನಾಚೆ ಅಮ್ಮ, ಕಿವಿಗೆ ಫೋನು, ನಿನ್ನ ಬೇರನ್ನೇ ಎಸೆದ್ಯಲ್ಲೇ ಪಾಪಿ. ಎಸೆದೆ ಅಮ್ಮಾ, ಬದುಕೋಕೆ ಎಸೆದೆ, ಅಂಗಳದಲ್ಲಿ ಇನ್ನೂ ಬೇಕಾದಷ್ಟಿದೆ, ಬಂದು ಅದರ ಮೇಲೇ ಕುಣೀತೀನಿ ನೋಡ್ತಿರು. ಅವಳು ನಗಲಿಲ್ಲ, ಬೈಯುತ್ತಲೇ ಇದ್ದಳು. ಕೂಸಿನ ರಕ್ತದ ಚೀಲ ತಂದು ತೂಗುಹಾಕಿದರು, ಇಷ್ಟೇನಾ, ಅರ್ಧ ಲೋಟವೂ ಇಲ್ಲ, ಇದನ್ನು ನಂಬಿ ನಾನು — ಯಾವ ತಾಯಿ ಕೊಟ್ಟಳೋ, ಹೆಸರು ಹೇಳುವುದಿಲ್ಲವಂತೆ, ಬಾ ಮಗುವೇ, ಜಗಳ ಆಡಬೇಡ, ಆಡಿದರೂ ಸರಿ, ಬಂದು ಇರು, ಓಡಿಹೋಗಬೇಡ. ಕೊಳವೆಯ ತುದಿಗೆ ಒಂದು ಹನಿ ಬಂದು ನಿಂತಿದೆ, ಬೈಗುಳವೂ ನಿಂತಿದೆ, ಅಮ್ಮನೂ ಅದನ್ನೇ ನೋಡುತ್ತಿದ್ದಾಳೆ, ಹನಿ ದಪ್ಪವಾಯಿತು, ತೂಗಿತು, ಫೋನಿನಲ್ಲಿ ಅವಳ ದನಿ, ನನಗಲ್ಲ, ಇಳಿ ಕಂದಾ, ಇಳಿ, ಹೆದರ್ಬೇಡ, ಅಜ್ಜಿ ಇದ್ದೀನಿ — ಹನಿ, ಕೆಂಪು ಹನಿ, ಇನ್ನೂ ಬಿದ್ದಿಲ್ಲ, ಹನಿ